ಕ್ರಿಯಾಪದ

ಗ್ರಿಮ್ಸ್‌ಬಿಯ ಗ್ರಂಥಾಲಯದಲ್ಲಿ, ಹೀಟರಿನ ಪಕ್ಕ,
ಹಳೆಯ ಚುನಾವಣೆಗಳ ಸುದ್ದಿಯನ್ನೆಲ್ಲ
ಯಂತ್ರಕ್ಕೆ ಉಣಿಸಿದಳು ಡೊರೀನ್,
ಮೂವತ್ತು ವರ್ಷ ಆ ಪತ್ರಿಕೆಗೇ ತಲೆಬರಹ ಬರೆದವಳು.

ಮೊರದಕ್ಕಿಯ ಕಲ್ಲಿನಂತೆ ಯಂತ್ರ ಹೆಕ್ಕಿ ತೋರಿತು:
ಹಡಗು ಮಾಲೀಕರ ಅಭ್ಯರ್ಥಿ
ನಲವತ್ತೊಂದು ಸಲ ‘ಅಭಿಪ್ರಾಯಪಟ್ಟರು’.
ಮೀನು ಸೀಳುವವರ ಮೇಬಲ್ ‘ಅರಚಿದಳು’.
‘ಹೇಳಿದರು’ ಅವಳ ಪಾಲಿಗೆ ಒಂದೂ ಇಲ್ಲ.

ಆ ‘ಅರಚಿದಳು’ ಯಾರದೆಂದು ಡೊರೀನ್‌ಗೆ ಗೊತ್ತು.
ಶುಕ್ರವಾರ ರಾತ್ರಿ, ಹನ್ನೊಂದೂಕಾಲು.
ದ್ವೇಷವೇನಲ್ಲ,
ಕೈಗೆ ಅದೇ ಬಂದಿತ್ತು.
ಮೇಬಲ್‌ಗೆ ಅವತ್ತು ಗಂಟಲು ಕಟ್ಟಿತ್ತು,
ಪಿಸುಗುಟ್ಟಿದ್ದಳು.

‘ಅಚ್ಚಾಗದ ಮಾತೂ ಎಣಿಕೆಗೆ ಸಿಗುತ್ತದಾ?’
‘ಕೊಟ್ಟಿದ್ದರಲ್ಲಿ ಮಾತ್ರ’ ಎಂದಿತು ಪರದೆ.

ಟೈರಿನ ಜಾಹೀರಾತಿಗೆ ಜಾಗ ಬಿಟ್ಟ
ಮೇಬಲ್‌ಳ ಎರಡು ಸಾಲು
ಇನ್ನೂ ಬಾಯಿಪಾಠ.
ಕೀಲಿಗಳ ಮೇಲೆ ಬೆರಳಿಟ್ಟಳು.
ಆ ಕಡೆಯಿಂದ ಒಂದೊಂದೇ
ದೀಪ ಆರಿಸುತ್ತ ಬರುತ್ತಿದ್ದರು.