ಇರಲಿ

ಹೆಚ್ಚಿಗೆ ಒಂದು ಡಬ್ಬ ತಗೊಂಡು ಹೋಗಬೇಕಾ ಅಂತ ಕೇಳುತ್ತೀರಿ.
ಎಲ್ಲರೂ ಕೇಳುತ್ತಾರೆ,
ನಳಿಗೆ ಇನ್ನೂ ಟ್ಯಾಂಕಿನ ಬಾಯಲ್ಲಿರುವಾಗಲೇ,
ಹೊಟ್ಟೆ ತುಂಬುತ್ತಿರುವಾಗಲೇ ಬುತ್ತಿಯ ಚಿಂತೆ.
ನಾನು ಸಲೋಮಿನಾ.
ಖೊರಿಕ್ಸಾಸ್ ದಾಟಿ ನೂರು ಚಿಲ್ಲರೆ ಕಿಲೋಮೀಟರು:
ಈ ಒಂದು ಮೊಪಾನೆ ಮರ, ಈ ಒಂದು ಪಂಪು,
ಹದಿನಾಲ್ಕು ವರ್ಷದಿಂದ ಈ ಒಬ್ಬಳು ನಾನು.

ನಕ್ಷೆಯಲ್ಲಿ ಮುಂದೆ ಇನ್ನೊಂದು ಪಂಪಿನ ಚಿತ್ರವಿದೆ, ಹೌದು.
ಚಿತ್ರ ಸುಳ್ಳಲ್ಲ. ಪಂಪೂ ಇದೆ.
ಅದರೊಳಗೆ ಎಣ್ಣೆ ಇದೆಯೇ ಅನ್ನುವುದು ಬೇರೆ ಮಾತು.
ಟ್ಯಾಂಕರು ಗುರುವಾರ ಬರುತ್ತದೆ;
ಯಾವ ಗುರುವಾರ ಅಂತ ಹೇಳಿ ಹೋಗಿಲ್ಲ.

ಹೋದ ವರ್ಷ ಒಬ್ಬ ಬಂದ, ತಲೆಯ ಮೇಲೆ ನಾಲ್ಕು ಡಬ್ಬ ಕಟ್ಟಿಕೊಂಡು,
ಕಾರಿನ ತಲೆಯ ಮೇಲೆ. ಅಂಚಿನವರೆಗೆ ತುಂಬಿಸು ಅಂದ.
ಉಸಿರಾಡಲು ಜಾಗ ಬಿಡಪ್ಪಾ, ಬಿಸಿಲಿಗೆ ಅದೂ ಉಬ್ಬುತ್ತದೆ ಅಂದೆ.
ನಕ್ಕ.
ಒಣಹೊಳೆಯ ಪಾತ್ರದಲ್ಲಿ ಗಾಜಿನ ಮೇಲೆಲ್ಲ ಇಳಿಯಿತಂತೆ,
ಮಳೆ ಅಂತ ವೈಪರು ಹಾಕಿದನಂತೆ.
ಮಳೆ! ಆಗಸ್ಟಿನಲ್ಲಿ!
ಈಗಲೂ ಹೇಳಿಕೊಂಡು ನಗುತ್ತೇವೆ.
ಆ ದಿನ ಯಾರೂ ಕಡ್ಡಿ ಗೀರಲಿಲ್ಲ, ಅದಕ್ಕೇ ನಗಬಹುದು.

ಇನ್ನೊಬ್ಬಳು ಒಂಟಿ ಹುಡುಗಿ, ಒಂದು ಹನಿಯೂ ಹೆಚ್ಚಿಗೆ ಬೇಡ ಅಂದವಳು.
ಲೆಕ್ಕದ ಚೀಟಿ ತೋರಿಸಿದಳು. ಲೆಕ್ಕ ಸರಿಯಾಗಿಯೇ ಇತ್ತು.
ಮರಳಿಗೆ ಲೆಕ್ಕ ಬರುವುದಿಲ್ಲ.
ಎರಡನೇ ಗೇರಿನಲ್ಲಿ ಮೂವತ್ತು ಕಿಲೋಮೀಟರು ಉಳುತ್ತಾ ಹೋದರೆ
ಕಾರು ಕುಡಿಯುವುದು ಆನೆಯ ಹಾಗೆ.
ಅವಳನ್ನು ಕರೆತಂದದ್ದು ಅಬ್ರಾಮನ ಕತ್ತೆಗಾಡಿ:
ಹಳೇ ಪಿಕಪ್ಪಿನ ಅಚ್ಚು, ಅದರದ್ದೇ ಚಕ್ರ,
ಎಂಜಿನ್ನಿನ ಜಾಗದಲ್ಲಿ ಮೂರು ಕತ್ತೆ.
ಅಬ್ರಾಮ ಯಾವತ್ತೂ ನನ್ನ ಪಂಪಿನ ಮುಂದೆ ನಿಲ್ಲಿಸಿದವನಲ್ಲ,
ಟೋಪಿ ಎತ್ತಿ ಹೋಗುತ್ತಾನೆ ಅಷ್ಟೆ.

ನನ್ನಪ್ಪನ ಹತ್ತಿರವೂ ಎರಡು ಡಬ್ಬ, ಎರಡೂ ಹಸಿರು.
ಒಂದರಲ್ಲಿ ನೀರು, ಒಂದರಲ್ಲಿ ಡೀಸೆಲ್ಲು.
ಕತ್ತಲಲ್ಲಿ ಮೂಗಿನಿಂದಲೇ ಓದುತ್ತಿದ್ದ.
ನೆಗಡಿಯಾದ ಒಂದು ರಾತ್ರಿ
ಟ್ಯಾಂಕಿಗೆ ನೀರು ಹೋಯಿತು.
ಉಳಿದದ್ದು ಇಪ್ಪತ್ತು ಲೀಟರು ಡೀಸೆಲ್ಲು, ನಾಲ್ಕು ಬಾಯಿ,
ಬೆಳಗಾದರೆ ಸೂರ್ಯ.
ಎರಡು ದಿನ.
ಆ ಕಥೆಯನ್ನು ಅಪ್ಪ ಯಾವತ್ತೂ ಪೂರ್ತಿ ಹೇಳಲಿಲ್ಲ.
ಮನೆಯಲ್ಲಿ ನೀರಿನ ಲೋಟವನ್ನು ಮಾತ್ರ
ಕುಡಿಯುವ ಮೊದಲು ಮೂಸುತ್ತಿದ್ದ, ಸಾಯುವತನಕ.

ಅದಕ್ಕೇ ನಾನು ಮೊದಲು ಕೇಳುವುದು ನೀರೆಷ್ಟಿದೆ ಅಂತ.
ಎಣ್ಣೆ ಮುಗಿದರೆ ಕಾರು ನಿಲ್ಲುತ್ತದೆ, ನಿಂತು ನೆರಳಾಗುತ್ತದೆ,
ಯಾರಾದರೂ ಬರುವವರೆಗೆ ಕೂತಿರಬಹುದು.

ನೋಡಿ, ನೀವಿಬ್ಬರೂ ನಿಮ್ಮ ಭಾಷೆಯಲ್ಲಿ ಶುರು ಮಾಡಿದಿರಿ.
ನನಗೆ ಒಂದಕ್ಷರ ಬಾರದು. ಆದರೂ ಕೇಳಿಸುತ್ತದೆ.
ಅವರು ಅಂದದ್ದು ಇರಲಿ, ಅಂದರೆ ಜೊತೆಗಿರಲಿ.
ನೀವು ಅಂದದ್ದು ಇರಲಿ ಬಿಡಿ, ಅಂದರೆ ಇಲ್ಲೇ ಇರಲಿ,
ವಾಸನೆಗೆ ತಲೆನೋವು, ಹಿಂದಿನ ಸೀಟಿನಲ್ಲಿ ಮಗು.
ಒಂದೇ ಮಾತು ಮದುವೆಯಾದವರ ಬಾಯಲ್ಲಿ
ಎರಡು ದಿಕ್ಕಿಗೆ ಓಡುತ್ತದೆ.

ಷೆಡ್ಡಿನ ಹಿಂದೆ ಬನ್ನಿ.
ಮರಳಿ ಬಂದವರು ಬಿಟ್ಟುಹೋದವು ಇವೆಲ್ಲ,
ಮುಚ್ಚಳ ತೆಗೆಯದ ಭಯಗಳು, ಸಾಲಾಗಿ.
ವಿಮಾನಕ್ಕೆ ಹತ್ತಿಸುವುದಿಲ್ಲವಲ್ಲ.
ದುಡ್ಡು ವಾಪಸು ಕೊಡುವುದಿಲ್ಲ, ಮೊದಲೇ ಹೇಳಿರುತ್ತೇನೆ.
ಟ್ಯಾಂಕರು ಬಾರದ ವಾರಗಳಲ್ಲಿ
ನಮ್ಮ ಚರ್ಚಿನ ಹಾಡುಗಾರರು
ಯಾರದೋ ಹೆದರಿಕೆಯನ್ನು ಪಿಕಪ್ಪಿಗೆ ಸುರಿದುಕೊಂಡು
ಮೂರು ಸಾವಿನ ಮನೆಗೆ ಹೋಗಿ ಹಾಡಿಬಂದಿದ್ದಾರೆ.

ಸರಿ, ಒಂದೇ ಡಬ್ಬ. ನೆಲದ ಮೇಲಿಟ್ಟು ತುಂಬಿದ್ದೇನೆ, ಮುಕ್ಕಾಲು.
ಹಿಡಿಗೆ ಕೆಂಪು ಬಟ್ಟೆ, ನೀರಿನದಕ್ಕೆ ಬಿಳಿ.
ಹಗ್ಗ ಮಾತ್ರ ನೀವು ಕಟ್ಟಿ ಅಮ್ಮಾ,
ಅವರು ಹಾಕಿದ ಗಂಟು ನೋಡಿದೆ.

ಹೊರಡಿ.
ಧೂಳು ಇಳಿಯುವವರೆಗೆ ಇಲ್ಲೇ ನಿಂತಿರುತ್ತೇನೆ.
ಇವತ್ತು ಗಾಳಿ ಇಲ್ಲ,
ತುಂಬ ಹೊತ್ತು ಬೇಕು ಅದಕ್ಕೆ.