ಬದುಕಿದ್ದೇನೆಂಬ ಕಾಗದ

ತವೀರದ ನೋಟರಿ ಕಚೇರಿ, ಕಿರುಗುಟ್ಟುವ ಫ್ಯಾನು.
ಒಂದೊಂದೇ ಹೇಳಿದೆ, ದುಭಾಷಿ ಹುಡುಗಿ ಬರೆದುಕೊಂಡಳು:
ಮನೆ ತಂಗಿಯ ಮಗಳಿಗೆ,
ಕಾರ್ಡಿಫಿನ ಖಾತೆಯೂ ಅವಳಿಗೇ.
ತೂತು ದೋಣಿ, ಬೇಕೆಂದವರಿಗೆ.

‘ನಾಯಿ, ಸೆನ್ಯೋರ್ ಎಮ್ರಿಸ್?’
ಅದಕ್ಕೆ ಇಂಗ್ಲಿಷ್ ಬಾರದು.
ಪಕ್ಕದ ಮನೆಯ ಲುಸಿಂದ ಟೀಚರ್ ಕರೆದರೆ ಓಡುತ್ತದೆ,
ನಾನು ಕರೆದರೆ ಯೋಚಿಸುತ್ತದೆ.

ನಿಂಬೆಗಿಡದ ಬುಡ ನನ್ನದು,
ನೆರಳು ಅವಳದು, ಹಣ್ಣು ಉದುರುವುದೂ ಅತ್ತಲೇ.
ಇದಕ್ಕೊಂದು ಕಲಂ ಉಂಟೇ?
ನೋಟರಿ ಕನ್ನಡಕ ಒರೆಸುತ್ತ ಕೂತ.

ವರ್ಷಕ್ಕೊಮ್ಮೆ ಪಿಂಚಣಿಯವರ ಪತ್ರ ಬರುತ್ತದೆ:
ನೀವು ಬದುಕಿರುವಿರೆಂದು ಗೊತ್ತಿದ್ದವರು ಸಹಿ ಹಾಕಲಿ.
ಹನ್ನೊಂದು ವರ್ಷದಿಂದ ಆ ಸಹಿ ಲುಸಿಂದಳದೇ,
ಮೀನು ಸೀಳುತ್ತಿದ್ದವಳು ಕೈ ತೊಳೆಯದೆ ಎದ್ದು ಬಂದು
ಹಾಕಿದ್ದು.

ಆ ನ್ಯೂಕ್ಯಾಸಲಿನ ಗುಮಾಸ್ತ
ಮೂಗು ಮುಚ್ಚಿಕೊಂಡೇ
ನನ್ನನ್ನು ಇನ್ನೊಂದು ವರ್ಷ
ಬದುಕಿಸುತ್ತಿರಬೇಕು.