ಈ ಸಲ ಕೈ ನನ್ನದು

ಲೆಯೊಕಾದಿಯಾ ಅತ್ತೆಯ ಬಲಗೈ
ಮೊಣಕೈವರೆಗೂ ಪ್ಲಾಸ್ಟರಿನೊಳಗೆ.
ಮೆಟ್ಟಿಲ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಕಾಲು,
ಮಿಕ್ಕಿದ್ದು ಬೀದಿಯ ಕೊನೇ ಮನೆಗೂ ಕೇಳಿಸಿತ್ತು.
ಹಾಗಾಗಿ ಈ ಆಗಸ್ಟಿನ ಶನಿವಾರ
ಕುಯೆರ್ವಾ ಕಲಸುವ ಕೈ
ನನ್ನದು.

ಹನ್ನೊಂದು ವರ್ಷದಿಂದ ಈ ಅಡುಗೆಮನೆಯಲ್ಲಿ
ನನಗಿದ್ದ ಕೆಲಸ ಒಂದೇ: ಐಸ್ ತರುವುದು.
ಆಲ್ಬಾಸೆತೆಯ ಸಂದಿಗಳಲ್ಲಿ
ಹನ್ನೆರಡು ಮೀಟರ್ ಬಸ್ಸನ್ನು ಹೊರಳಿಸುವವನು
ನಿಂಬೆಹಣ್ಣು ಹೆಚ್ಚಲು ಲಾಯಕ್ಕಲ್ಲ.
ಹಾಗಂತ ಅವಳು ಯಾವತ್ತೂ ಅಂದವಳಲ್ಲ,
ನಾನು ಒಳಗೆ ಬಂದರೆ
ಚಾಕು ಎತ್ತಿಡುತ್ತಿದ್ದಳು, ಅಷ್ಟೆ.

ಬೋಗುಣಿ ಇಳಿಸು, ಎಂದಳು.
ಬೀರುವಿನ ಮೇಲಿಂದ ಇಳಿಸಿಕೊಂಡೆ,
ನಿದ್ದೆಗಣ್ಣಿನ ಮಗುವನ್ನು ಇಳಿಸಿಕೊಂಡ ಹಾಗೆ.
ಹಸಿರು ಮೆರುಗಿನ ಹಳೇ ಮಣ್ಣು,
ನಡುವೆ ಹಾದ ಬಿರುಕು,
ಬಿರುಕಿಗೆ ಅಡ್ಡಡ್ಡ ಆರು ತಂತಿಯ ಹೊಲಿಗೆ.
ಬೀದಿಬೀದಿ ಕೂಗುತ್ತ ಬರುತ್ತಿದ್ದ ಯಾವನೋ
ಅವಳಮ್ಮನ ಕಾಲದಲ್ಲಿ ಹಾಕಿಕೊಟ್ಟದ್ದು.
ಇವತ್ತಿನವರೆಗೆ ಒಂದು ತೊಟ್ಟು ಸೋರಿಲ್ಲ.
ನನ್ನ ಡಾಕ್ಟರಿಗಿಂತ ಅವನೇ ವಾಸಿ,
ಎಂದು ಪ್ಲಾಸ್ಟರ್ ಎತ್ತಿ ತೋರಿಸಿದಳು.

ಪೀಚ್ ತಗೋ.
ಸಿಪ್ಪೆ ಬಿಡು ಅಂದಳೋ, ಬಿಡಿಸು ಅಂದಳೋ,
ಫ್ಯಾನಿನ ಗರಗರಕ್ಕೆ ಒಂದಕ್ಷರ ಬಿದ್ದುಹೋಯಿತು.
ಎರಡು ಹಣ್ಣು ಬೆತ್ತಲಾದ ಮೇಲೆ ಗೊತ್ತಾಯಿತು
ಬಿದ್ದಕ್ಷರ ಬಿದ್ದೇ ಇರಲಿಲ್ಲ ಅಂತ.
ದೇವರ ಹೆಸರೆಲ್ಲ ಒಂದು ಸುತ್ತು ಮುಗಿಸಿ,
ಆ ಸಿಪ್ಪೆನೂ ಹಾಕು, ಎಂದಳು. ಎಸೆಯಬೇಡ.

ವೈನ್ ಯಾವುದು?
ಬೀಗರಿಗೆ ಕೊಡಲು ನಾಚುವಂಥದ್ದು.
ಎಷ್ಟು?
ಬೋಗುಣಿ ಸಾಕು ಅನ್ನುವಷ್ಟು.
ಸಕ್ಕರೆ?
ಮೂರು ಮುಷ್ಟಿ.
ಯಾರ ಮುಷ್ಟಿ?
ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ
ಐದು ಶುಂಠಿಬೆರಳುಗಳನ್ನು ನೋಡಿಕೊಂಡಳು.
ನಿನ್ನವಾದರೆ ಎರಡು.

ದಾಲ್ಚಿನ್ನಿ ಚಕ್ಕೆ ಮುರಿದು ಹಾಕಿದೆ,
ಕಿತ್ತಳೆ ಬಿಲ್ಲೆ ಬಿಲ್ಲೆ ತೇಲಿಬಿಟ್ಟೆ.
ಮರದ ಸೌಟು ಒಂದು ಸುತ್ತು ಬಂದಿತ್ತು,
ಅಷ್ಟರಲ್ಲಿ, ಯಾರೂ ಕೇಳದೆ, ಅವಳಂದಳು:
ಅಮ್ಮ ಕಲಸುವಾಗ ಹಣ್ಣಿರುತ್ತಿರಲಿಲ್ಲ.
ಹಣ್ಣು ರೈಲು ಹತ್ತುತ್ತಿತ್ತು.
ನೋಟರಿಯ ಮನೆ ಕೆಲಸಕ್ಕೆ ಹೋಗುತ್ತಿದ್ದ ಚಿಕ್ಕಮ್ಮ
ಲಂಗದ ಜೇಬಿನಲ್ಲಿ ಸಿಪ್ಪೆ ತರುವಳು.
ರುಚಿಯೆಲ್ಲ ಸಿಪ್ಪೆಯಲ್ಲೇ ಇರುವುದು,
ತಿರುಳು ತಿನ್ನುವವರು ಪೆದ್ದರು ಅಂತ
ನಮಗೆ ಹೇಳುತ್ತಿದ್ದರು.
ನಂಬಿದ್ದೆವು.
ಕಲಸು, ನಿಲ್ಲಿಸಬೇಡ.

ಎಡಗೈ ನಡುಗುತ್ತದೆ, ಸೌಟು ನಾನೇ ಹಿಡಿದೆ.
ತುಟಿಗೆ ತಗುಲಿಸಿ ಕಣ್ಣು ಮುಚ್ಚಿದಳು.
ಹೂಂ.
ಹೂಂ ಅಂದರೆ?
ಹೂಂ ಅಂದರೆ ಹೂಂ.
ಬಾಗಿಲಲ್ಲಿ ನಿಂತ ಎರ್ಮಿನಿಯಾ ನಕ್ಕಳು:
ಅತ್ತೆಗೊಂದು ಕಾಲ, ಅಳಿಯನಿಗೊಂದು ಕಾಲ.

ಹತ್ತು ಗಂಟೆಗೆ ಗೋಡೆಗಳಿನ್ನೂ ಬಿಸಿ ಉಗುಳುತ್ತಿದ್ದವು.
ಬೀದಿಗೆ ಕುರ್ಚಿಗಳು ಬಂದವು, ಬೀಸಣಿಗೆಗಳು ಬಂದವು,
ಮೂರು ವರ್ಷದಿಂದ ಮಾತು ಬಿಟ್ಟ ಅಕ್ಕತಂಗಿಯರು
ಬೋಗುಣಿಯ ಆಚೆಗೊಬ್ಬರು ಈಚೆಗೊಬ್ಬರು ಕೂತರು.
ಸೋಡಾ ಸುರಿದೆ, ನೊರೆ ಎದ್ದಿತು.
ಈಗ ಐಸ್, ಎಂದಳು ಅತ್ತೆ.

ಎಲ್ಲರೂ ನನ್ನನ್ನೇ ನೋಡಿದರು.
ನಾನು ನನ್ನ ಕೈಗಳನ್ನು ನೋಡಿಕೊಂಡೆ.
ಬಡ್ತಿ ಸಿಕ್ಕವನ ಹಳೇ ಕುರ್ಚಿಗೆ
ಯಾರನ್ನೂ ಕೂರಿಸಿರಲಿಲ್ಲ.

ಎದುರುಮನೆ ಎಉತಿಮಿಯೊ ಫ್ರಿಜ್ಜು ತಡಕಿ ತಂದದ್ದು
ಹೆಪ್ಪುಗಟ್ಟಿದ ಬಟಾಣಿಯ ಎರಡು ಚೀಲ.
ಬೋಗುಣಿಯ ಸೊಂಟಕ್ಕೆ ಆತು ಇಟ್ಟೆವು,
ಜ್ವರ ಬಂದವರಿಗೆ ಒದ್ದೆ ಬಟ್ಟೆ ಇಟ್ಟ ಹಾಗೆ.
ಉಗುರುಬೆಚ್ಚಗೇ ಕುಡಿದರು. ಮತ್ತೆ ಕೇಳಿದರು.
ಅಕ್ಕತಂಗಿಯರಲ್ಲಿ ಒಬ್ಬಳು ಸೌಟು ದಾಟಿಸಿದಳು,
ಇನ್ನೊಬ್ಬಳು ಈಸಿಕೊಂಡಳು. ಮಾತಿಲ್ಲ.
ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು:
ಐಸ್ ಮರೆತ.
ಮಿಕ್ಕಿದ್ದು ಪರವಾಗಿಲ್ಲ.

ಒಂದು ಗಂಟೆಗೆ ತೊಳೆಯಲು ಕೂತೆ.
ಹೆಬ್ಬೆರಳಿನಡಿಗೆ ಹೊಲಿಗೆಗಳು ಹಾದವು,
ಒಂದು, ಎರಡು, ಮೂರು.
ನಾಲ್ಕನೆಯದಕ್ಕೆ ಸಿಕ್ಕಿಕೊಂಡಿತ್ತು
ಪೀಚಿನ ಒಂದೆಳೆ ಸಿಪ್ಪೆ,
ನಾನೇ ಸುಲಿದು ಬೈಸಿಕೊಂಡದ್ದು.
ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.
ಬಾಯಿಗೆ ಹಾಕಿಕೊಂಡೆ.